ಅವ್ವನ ಒನಕೆಗೆ ಹೊಸ ತಿರುಳು

ಹಿತ್ತಲ ತಗಡಿನ ಶೆಡ್ಡಿನಲ್ಲಿ ಕಟ್ಟಿಗೆ ತಿರುವುವ ಲೇಥ್ ಯಂತ್ರದ ಸದ್ದು ನಿಂತ ಮೇಲೆ ಮನೆಯ ಉಳಿದ ಸದ್ದುಗಳೆಲ್ಲ ದೊಡ್ಡವಾದವು. ಫ್ರಿಜ್ಜಿನ ಗುರುಗುರು, ಸ್ಟೀಲ್ ಬಕೆಟ್ಟಿಗೆ ಬೀಳುವ ನಲ್ಲಿಯ ಹನಿ, ರೊಟ್ಟಿ ಬಡಿಯುವಾಗ ನನ್ನದೇ ಬಳೆ. ನನ್ನ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಎಡಗೈಯನ್ನು ಬೇರೆ ಯಾರೋ ಕಾಯಲು ಕೊಟ್ಟು ಹೋದ ಸಾಮಾನಿನಂತೆ ಹೊಟ್ಟೆಯ ಮೇಲೆ ಇಟ್ಟುಕೊಂಡಿರುತ್ತಿದ್ದರು. ಹೋದ ದೀಪಾವಳಿಯ ಮುಂದೆ ಲಕ್ವ ಹೊಡೆದದ್ದು. ಕಾಲು ಒಂದಿಷ್ಟು ಬಂತು, ಮಾತು ಬಂತು, ಬಲಗೈಗೆ ಏನೂ ಆಗಿರಲಿಲ್ಲ. ಎಡಗೈ ಏಳುತ್ತಿತ್ತು, ಹಿಡಿಯುತ್ತಲೂ ಇತ್ತು. ಆದರೆ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಬಿಸಿ ಚಹಾದ ಲೋಟ ಹಿಡಿದು ಕುಳಿತಾಗ ಬೆರಳು ಕೆಂಪಾದದ್ದನ್ನು ನಾನೇ ಹೇಳಬೇಕಾಗುತ್ತಿತ್ತು.

“ಇನ್ನ ನಾ ಇದ್ದ ಏನ್ ಮಾಡೂದೈತಿ,” ಎಂದು ಒಂದು ಸಂಜೆ ಲೋಟದೊಳಗೆ ನೋಡುತ್ತ ಅಂದರು. ನನಗೆ ಹೇಳಿದ್ದಲ್ಲ, ಚಹಾಕ್ಕೆ ಹೇಳಿದ್ದು. ಅಂದಿನಿಂದ ಶೆಡ್ಡಿನ ಕೀಲಿಕೈಯನ್ನು ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಒಳಗೆ ಹರಿತವಾದ ಸಾಮಾನು ಬಹಳ ಇದ್ದವು.

ಇವರದು ಗೋಕಾಕದಲ್ಲಿ ಕಟ್ಟಿಗೆಯ ಬೊಂಬೆ, ಕಟ್ಟಿಗೆಯ ಹಣ್ಣು ಮಾಡುವ ಮನೆತನ. ಮಾವನವರು ಕೆತ್ತಿದ ಸೀತಾಫಲ ಇಂದಿಗೂ ನಮ್ಮ ಟಿವಿಯ ಮೇಲಿದೆ; ಬಂದವರು ಒಮ್ಮೆಯಾದರೂ ಒತ್ತಿ ನೋಡುತ್ತಾರೆ. ಇವರಿಗೆ ಮಾತ್ರ ಬಣ್ಣಕ್ಕಿಂತ ತಿರುಗುವ ಯಂತ್ರದ ಹುಚ್ಚು. ಮೂಡಲಗಿಯಲ್ಲಿ ಪೂಲ್ ಆಟದ ಟೇಬಲ್ಲುಗಳನ್ನು ಹಾಕಿಕೊಂಡಿದ್ದ ಗೆಳೆಯರೊಬ್ಬರು ಒಮ್ಮೆ ಮುರಿದ ಕ್ಯೂ ತಂದುಕೊಟ್ಟರು. ಕ್ಯೂ ಅಂದರೆ ಆ ಆಟದಲ್ಲಿ ಚೆಂಡು ಹೊಡೆಯುವ ಉದ್ದನೆಯ ಕೋಲು. ಅದನ್ನು ರಿಪೇರಿ ಮಾಡುತ್ತ ಮಾಡುತ್ತ ಇವರು ಹೊಸದನ್ನೇ ಮಾಡತೊಡಗಿದರು. ಆಡುವವರ ಕೈ ಅಳತೆ ನೋಡಿ, ತೂಕ ನೋಡಿ, ಒಬ್ಬೊಬ್ಬರಿಗೆ ಒಂದೊಂದು. ಬೆಳಗಾವಿ, ಕೊಲ್ಲಾಪುರದ ಕಡೆಯಿಂದಲೂ ಜನ ಕೇಳಿಕೊಂಡು ಬಂದರು.

ಗೆಳೆಯರಿಗೆಂದು ಮೊದಲು ಮಾಡಿಕೊಟ್ಟದ್ದು ಸೀಸಂ ಕಟ್ಟಿಗೆಯದು. ಹಿಡಿಯುವ ಕಡೆ ನೀರಿನ ತೆರೆಯ ಹಾಗೆ ಗೆರೆಗಳಿದ್ದ ಚೆಲುವೆ. ಒಂದು ಮಳೆಗಾಲ ಕಳೆಯುವುದರೊಳಗೆ ಅದು ಬಾಗಿತು. ಚೆಂದದ ಗೆರೆಯ ಕಟ್ಟಿಗೆಗೆ ನೆಟ್ಟಗಿರುವ ಬುದ್ಧಿ ಕಡಿಮೆ ಎಂಬುದು ಇವರಿಗೆ ಆಗ ತಿಳಿದಿರಲಿಲ್ಲ. ಹೊರಗಿನಿಂದ ಬಂದ ಆಟಗಾರನೊಬ್ಬ ಅದನ್ನು ಟೇಬಲ್ಲಿನ ಮೇಲೆ ಉರುಳಿಸಿ, “ಇದೇನ್ರಿ, ಹಾಡ ಹಚ್ಚಿದ್ರ ಕುಣಿಯೂ ಹಂಗೈತಿ,” ಎಂದನಂತೆ. ಇವರು ಅಲ್ಲೇ ಇದ್ದರು. ಮನೆಗೆ ಬಂದು ಊಟ ಬಿಟ್ಟು, ಆ ಮೇಲೆ ತಿಂಗಳುಗಟ್ಟಲೆ ಕುಳಿತು ಕಲಿತದ್ದೇ ತಿರುಳು ತುಂಬುವ ಕೆಲಸ. ಚೆಂದದ ಕಟ್ಟಿಗೆಯನ್ನು ದುಂಡಗೆ ಮಾಡಿ, ಅದರ ಹೊಟ್ಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ಕೊರೆದು ತೆಗೆಯಬೇಕು. ಆ ತೂತಿನೊಳಗೆ ನೇರ ಎಳೆಯ, ಚೆನ್ನಾಗಿ ಒಣಗಿದ ಮೇಪಲ್ ಎಂಬ ಹೊರದೇಶದ ಕಟ್ಟಿಗೆಯ ಕೋಲನ್ನು ಅಂಟಿನಿಂದ ಕೂಡಿಸಬೇಕು. ಮೇಲಿನದು ನೋಡುವವರ ಕಣ್ಣಿಗೆ, ಒಳಗಿನ ತಿರುಳು ನೆಟ್ಟಗೆ ನಿಲ್ಲುವುದಕ್ಕೆ. ಹಾಗೆ ಮಾಡಿದವು ಒಂದೂ ಬಾಗಲಿಲ್ಲ. ಗೆಳೆಯರ ಕೋಲನ್ನು ಬದಲಿಸಿ ಕೊಡಬೇಕೆನ್ನುವಷ್ಟರಲ್ಲಿ ಲಕ್ವ ಬಂತು.

ಮುಂಗಾರು ಶುರುವಾಗುವ ಹೊತ್ತಿಗೆ ಆ ಗೆಳೆಯರು ಮನೆಗೆ ಬಂದರು. ನನಗೆ ವೈನಿ, ಅಂದರೆ ಅತ್ತಿಗೆ, ಅನ್ನುವವರು, ಸ್ವರ ದೊಡ್ಡದು. ಬಂದವರೇ ಸೊಟ್ಟ ಕೋಲನ್ನು ಮಂಚದ ಮೇಲೆ, ಇವರ ಬಾಜೂಕ್ಕೇ ಮಲಗಿಸಿದರು.

“ಅಣ್ಣಾ, ಇಬ್ರೂ ಹಿಂಗ ಮಲ್ಕೊಂಡ್ರ ನಾ ಯಾರ ಕೂಡ ಆಡ್ಲಿ?”

ಇವರು ತಿರುಗಲಿಲ್ಲ. “ಕನಿಕರ ತೋರ್ಸಾಕ ಬಂದೀಯೇನ?”

“ಕನಿಕರ ಇದ್ದಿದ್ರ ಬಾಳಿಹಣ್ಣ ತರ್ತಿದ್ನಿ. ನನಗ ಸಿಟ್ಟ ಐತಿ. ಕೋಲ ಬದಲಿ ಮಾಡಿ ಕೊಡ್ತೇನಿ ಅಂದಾಂವ ಯಾರು? ವೈನಿ, ನೀವು ಸಾಕ್ಷಿ ಹೌದಲ್ಲರಿ?”

“ಹೌದ್ರಿ,” ಎಂದೆ. ಬಾಗಿಲ ಚೌಕಟ್ಟಿನ ಬಣ್ಣದ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸುತ್ತ ನಿಂತಿದ್ದೆ.

ಇವರು ಎದ್ದು ಕುಳಿತು ಸೊಟ್ಟ ಕೋಲನ್ನು ಬಲಗೈಯಲ್ಲಿ ತೆಗೆದುಕೊಂಡರು. ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರು. “ಒಂದ ಮಾಡ್ತೇನಿ,” ಅಂದರು. “ತಿರುಳು ಹಿಡೀತಂದ್ರ ಲೇಥ್ ಇಟ್ಕೋತೇನಿ. ಹಿಡೀಲಿಲ್ಲಂದ್ರ ಹುಕ್ಕೇರಿ ಕಾಕಾ ಬಂದ ಒಯ್ಲಿ. ಆಮ್ಯಾಗ ನೀನೂ ಬರೂದ ಬ್ಯಾಡ, ನೀನೂ ಕೇಳೂದ ಬ್ಯಾಡ.” ಎರಡನೆಯ ‘ನೀನು’ ನನಗೆ.

ಹುಕ್ಕೇರಿಯ ಕಾಕಾ ಮಂಚದ ಕಾಲು ತಿರುವುವವರು. ಲೇಥ್ ಸುಮ್ಮನೆ ತುಕ್ಕು ಹಿಡಿಯಬಾರದೆಂದು ಯುಗಾದಿಯಿಂದ ಕೇಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಆ ಲೇಥ್ ಹೋದರೆ ಈ ಗೋಡೆಯ ಕಡೆ ತಿರುಗಿದ ಮುಖ ಮತ್ತೆ ಈ ಕಡೆ ತಿರುಗುವುದಿಲ್ಲ ಎಂದು ನನಗೆ ಖಂಡಿತವಾಗಿ ಗೊತ್ತಿತ್ತು. ಬೇರೆ ಏನನ್ನಾದರೂ ಬಿಟ್ಟುಕೊಡಬಹುದಿತ್ತು.

ಮರುದಿನವೇ ಹೊಸ ನೆಪ ಬಂತು. “ಕಟಗಿ ಎಲ್ಲೈತಿ? ತಗಡ ಸೋರಿ ಶೆಡ್ಡನ್ಯಾಗಿಂದು ಸೀಳಿ ಹೋಗೇತಿ. ಹಳೀದ ಬೇಕು. ಒಣಗಿ ಒಣಗಿ ಇನ್ನ ಒಣಗಾಕ ಏನೂ ಉಳದಿರಬಾರದು ಅಂಥಾದ್ದು.” ಹೇಳುವಾಗ ಅವರ ಮುಖದಲ್ಲಿ ಬಿಡುಗಡೆಯಂಥದ್ದು ಕಂಡಿತು. ಕಟ್ಟಿಗೆ ಸಿಗುವುದಿಲ್ಲ, ಅಲ್ಲಿಗೆ ಮುಗಿಯಿತು ಎನ್ನುವಂತೆ. ಆ ಮುಖ ನೋಡಿದಾಗಲೇ ನನಗೆ ತವರಿನ ಒನಕೆ ನೆನಪಾದದ್ದು.

ನನ್ನ ತವರು ಹುಕ್ಕೇರಿ ತಾಲೂಕಿನ ದಡ್ಡಿ. ಅವ್ವ ಅಲ್ಲಿ ತಮ್ಮನ ಸಂಸಾರದೊಂದಿಗೆ ಇದ್ದಾಳೆ. ಒನಕೆ ಹುಣಸೆಯ ಚೇಗಿನದು, ಮರದ ನಡುವಿನ ಗಟ್ಟಿ ಭಾಗದ್ದು, ನನ್ನ ಹುಬ್ಬಿನೆತ್ತರ, ಕೈ ಹಿಡಿಯುವಲ್ಲಿ ಒಂದಿಷ್ಟು ಸಣ್ಣ. ಕುಟ್ಟುವ ತುದಿಗೆ ಕಬ್ಬಿಣದ ಬಳೆ. ಅವ್ವನ ಅತ್ತೆಯ ಕಾಲದ್ದು. ಮಿಕ್ಸರ್ ಬಂದ ಮೇಲೆ ಅದು ಕುಟ್ಟುವ ಕೆಲಸ ಬಿಟ್ಟು ಬರೀ ಮದುವೆಗೆ ಹೋಗುತ್ತಿತ್ತು. ನಮ್ಮ ಕಡೆ ಮದುವೆಯ ಮುಂದೆ ಐವರು ಮುತ್ತೈದೆಯರು ಒನಕೆಗೆ ಎಣ್ಣೆ ಅರಿಶಿನ ಹಚ್ಚಿ, ಅರಿಶಿನ ಕೊಂಬು ಕಟ್ಟಿ ಕುಟ್ಟುವ ಶಾಸ್ತ್ರವಿದೆ. ನಮ್ಮ ಒನಕೆ ಹೋದ ಮದುವೆಗಳು ಚೆನ್ನಾಗಿ ಬಾಳಿದವೆಂದು ಓಣಿಯಲ್ಲಿ ಹೆಸರು. ಯಾರ ಮನೆಯಲ್ಲಿ ಹಂದರ ಹಾಕಿದರೂ ಮೊದಲು ಒನಕೆ ಕೇಳಲು ಬರುತ್ತಿದ್ದರು.

ದಡ್ಡಿಗೆ ಹೋದೆನಾದರೂ ಅದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಕರದಂಟಿನ ಪೊಟ್ಟಣ ಕೊಟ್ಟೆ, ಚಹಾ ಕುಡಿದೆ, ಗೋಡೆಗೆ ಆನಿಸಿದ್ದ ಒನಕೆಯನ್ನು ನೋಡುತ್ತ ಕುಳಿತೆ. ಅವ್ವನೇ ಕೇಳಿದಳು, “ಯವ್ವಾ, ಅದನ್ಯಾಕ ಹಂಗ ನೋಡಾಕತ್ತಿ? ಬಾಯಿ ಬಿಟ್ಟ ಹೇಳು.”

ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ನಾನು ಓದಿದ ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರುಗಳು ನಮಗೆ ಸದ್ದಿಲ್ಲದೆ ಅಳುವುದನ್ನು ಕಲಿಸಿದ್ದರು. ಅವತ್ತು ಅದು ನೆರವಿಗೆ ಬರಲಿಲ್ಲ. ತಮ್ಮನ ಹೆಂಡತಿ ಕೈಯಲ್ಲಿದ್ದ ಸೌಟು ಹಿಡಿದೇ ಬಂದು ನಿಂತಳು.

“ಅಕ್ಕಾರ, ಶ್ರಾವಣದಾಗ ಬಾಜೂ ಮನಿ ಮದವಿ ಐತ್ರಿ. ಈಗs ಕೇಳಿ ಇಟ್ಟಾರ. ಏನ್ ಹೇಳೂದ ಅವ್ರಿಗೆ, ಚೆಂಡ ಹೊಡ್ಯಾಕ ಕೊಟ್ವಿ ಅಂತೇನು?”

“ಹಂಗs ಹೇಳು,” ಎಂದಳು ಅವ್ವ. “ಅಳಿಯಾರ ಎದ್ದ ಕುಂದ್ರೂದಕ್ಕಿಂತ ದೊಡ್ಡ ಮದವಿ ಯಾವದೈತಿ.”

ಆಮೇಲೆ ಅವ್ವ ಒನಕೆಯನ್ನು ನಡುಮನೆಗೆ ತಂದು ಚಾಪೆಯ ಮೇಲೆ ಮಲಗಿಸಿದಳು. ಮೊದಲು ವಿಭೂತಿ ಹಚ್ಚಿದಳು. ಕುಸುಬೆ ಎಣ್ಣೆಯ ಬಟ್ಟಲು ತರಿಸಿ ಅಂಗೈ ತುಂಬ ಎಣ್ಣೆ ಹೊಯ್ದುಕೊಂಡು, ಮಗುವಿಗೆ ತಿಕ್ಕುವಂತೆ ಮೇಲಿನಿಂದ ಕೆಳಗೆ ತಿಕ್ಕಿದಳು. ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಬಿರುಕುಗಳಿದ್ದವು. ಅಲ್ಲಿ ಬೆರಳಿನಿಂದ ಹನಿ ಹನಿಯಾಗಿ ಬಿಟ್ಟಳು. ಕಟ್ಟಿಗೆ ಅದನ್ನು ಕುಡಿಯಿತು. ನೋಡುತ್ತಿದ್ದಂತೆ ಹನಿ ಇಂಗಿ ಹೋಯಿತು. ಅರಿಶಿನ, ಕುಂಕುಮ, ಕೊನೆಗೆ ನನ್ನ ಉಡಿಗೆ ಅಕ್ಕಿ. “ಹಂಗs ಬರೇ ಮೈಲೆ ಮನಿಯಿಂದ ಕಳಸಬಾರದವ್ವಾ,” ಎಂದಳು. ನನಗೂ ಸಮಾಧಾನವಾಯಿತು. ಬಿರುಕಿನ ಸುತ್ತ ಕಟ್ಟಿಗೆ ಕಪ್ಪಾಗಿ ಹೊಳೆಯುತ್ತಿದ್ದುದು ನನ್ನ ಕಣ್ಣಿಗೆ ಚೆಂದ ಕಂಡಿತು.

ಹುಕ್ಕೇರಿಯಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರ್ ಅರಿಶಿನ ಹಚ್ಚಿದ ಒನಕೆಯನ್ನು ಮೇಲೆ ಕೆಳಗೆ ನೋಡಿದ. “ಅಕ್ಕಾರ, ಹೆಣ್ಮಕ್ಕಳಿಗೆ ಫ್ರೀ ಐತಿ, ಖರೆ. ಇದು ಹೆಣ್ಣೋ ಗಂಡೋ ಹೇಳ್ರಿ ಮೊದಲ.”

ಹಿಂದಿನ ಸೀಟಿನ ಅಜ್ಜಿ ನನ್ನ ಪರವಾಗಿ ಹೇಳಿದಳು, “ಅರಿಶಿಣ ಕುಂಕುಮ ಹಚ್ಚೇತಿ, ಕಾಣೂದಿಲ್ಲೇನಪಾ ನಿನಗ? ಆಧಾರ ಕಾರ್ಡ ಬ್ಯಾರೆ ಕೇಳಿಗೀಳಿ.”

ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ನಕ್ಕ ಕೂಡಲೇ ಒಳಗಿನ ಭಯ ಮೊದಲಿಗಿಂತ ಭಾರವಾಗಿ ಕುಳಿತಿತು. ಗೋಕಾಕದವರೆಗೂ ಒನಕೆಯನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದೆ.

ಇವರು ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ಒದ್ದೆ ಬಟ್ಟೆಯಿಂದ ಅರಿಶಿನ ಒರೆಸಿದರು. ಉಗುರಿನಿಂದ ಕೆರೆದು ಮೂಸಿದರು. “ಹುಣಸಿ,” ಅಂದರು. “ಹುಣಸ್ಯಾಗ ಎಣ್ಣಿ ಇರೂದಿಲ್ಲ. ಅಂಟ ಚೊಲೋ ಹಿಡೀತೈತಿ. ನಿಮ್ಮವ್ವ ಖರೇನs ಕೊಟ್ಟಳೇನ?” ನಾನು ಸೆರಗಿನ ಗಂಟು ಬಿಚ್ಚಿ ಕೀಲಿಕೈ ಕೊಟ್ಟೆ. ಅದು ಯಾಕೆ ಅಲ್ಲಿತ್ತೆಂದು ಅವರು ಕೇಳಲಿಲ್ಲ.

ಒನಕೆಯನ್ನು ಕೈಹಿಡಿಯುವಲ್ಲಿಗೆ ಕೊಯ್ದು ಎರಡು ಮಾಡಿದರು. ಮೇಲಿನ ಅರ್ಧ ಕ್ಯೂದ ಹಿಡಿಕೆಗೆ, ಕಬ್ಬಿಣದ ಬಳೆಯ ಅರ್ಧ ಮೂಲೆಗೆ. ಲೇಥಿಗೆ ಕಟ್ಟಿ ಮೇಲ್ಮೈ ದುಂಡಗೆ ಮಾಡಿದಾಗ ಒಳಗಿನ ಬಣ್ಣ ಹೊರಗೆ ಬಂತು. ಕಪ್ಪು ದ್ರಾಕ್ಷಿ ಒಣಗಿದರೆ ಬರುವ ಬಣ್ಣ, ನಡುವೆ ಬೆಲ್ಲದ ಪಾಕದಂಥ ಗೆರೆ. ನಾನು ಹತ್ತಿರ ಬಗ್ಗಿ ನೋಡಿದೆ. ಅವರೂ ಒಂದು ಕ್ಷಣ ಯಂತ್ರ ನಿಲ್ಲಿಸಿ ನೋಡಿದರು.

ಕೊರೆಯುವುದಕ್ಕೆ ಕುಳಿತಾಗ ಕಷ್ಟ ಶುರುವಾಯಿತು. ಕಟ್ಟಿಗೆ ತಿರುಗುತ್ತಿರುತ್ತದೆ, ಮೊಳಕ್ಕಿಂತ ಉದ್ದನೆಯ ಡ್ರಿಲ್ಲನ್ನು ಬಲಗೈಯಿಂದ ಚಕ್ರ ತಿರುವುತ್ತ ಅದರ ಹೊಟ್ಟೆಯೊಳಗೆ ನೂಕಬೇಕು. ಒಂದು ಬೆರಳಿನಷ್ಟು ಹೋದ ಮೇಲೆ ಹಿಂದಕ್ಕೆ ಎಳೆದು ಹೊಟ್ಟು ತೆಗೆಯಬೇಕು, ಮತ್ತೆ ನೂಕಬೇಕು. ಆತುರ ಮಾಡಿದರೆ ಬಿಸಿಯಾಗಿ ಡ್ರಿಲ್ ದಾರಿ ಬಿಡುತ್ತದೆ. ದಾರಿ ಬಿಟ್ಟದ್ದು ಹೊರಗೆ ಕಾಣುವುದಿಲ್ಲ. ಅದು ಮೊದಲು ತಿಳಿಯುವುದು ಎಡಗೈಗೆ. ಕಟ್ಟಿಗೆಯನ್ನು ನಡುವೆ ಹಿಡಿದಿರುವ ಕಬ್ಬಿಣದ ಚೌಕಟ್ಟಿನ ಮೇಲೆ ಇವರು ಯಾವಾಗಲೂ ಎಡ ಅಂಗೈ ಇಡುತ್ತಿದ್ದರು. ಈಗಲೂ ಇಟ್ಟರು. ಇಟ್ಟು, ಕಣ್ಣು ಮುಚ್ಚಿ, ಕಾದರು. ತುಟಿ ಅಲುಗಿತು.

“ಏನೂ ಇಲ್ಲ,” ಅಂದರು. “ಕಲ್ಲ ಮ್ಯಾಲೆ ಇಟ್ಟಂಗೈತಿ.” ಕೈ ತೆಗೆದು ಎದ್ದೇಬಿಟ್ಟರು.

“ಕುಂದ್ರಿ,” ಎಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರಿಗೆ ಆ ದನಿಯಲ್ಲಿ ಮಾತಾಡಿರಲಿಲ್ಲ. “ನನ್ನ ಕೈ ಇಡ್ತೇನಿ. ಏನ್ ಆದ್ರ ಏನ್ ಹೇಳಬೇಕು, ಹೇಳಿಕೊಡ್ರಿ.”

“ನಿನಗೇನ್ ತಿಳೀತೈತಿ?”

“ತಿಳೀಲಿಲ್ಲಂದ್ರ ಆಗ ಏಳ್ರಿ.”

ಕಸೂತಿ ಕಲಿಸುತ್ತಿದ್ದ ಸಿಸ್ಟರೊಬ್ಬರು ಬಟ್ಟೆಯ ಹಿಂಬದಿಯ ಗಂಟನ್ನು ಕಣ್ಣು ಮುಚ್ಚಿ ಬೆರಳಿನಿಂದ ಹುಡುಕಿಸುತ್ತಿದ್ದರು. ಕಣ್ಣು ತೆರೆದವರಿಗೆ ಮತ್ತೊಮ್ಮೆ. ಚೌಕಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಾಗ ಅದೇ ಕೋಣೆ, ಅದೇ ಸೀಮೆಸುಣ್ಣದ ವಾಸನೆ ಬಂದಂತಾಯಿತು. ಬಾಯೊಳಗೆ ಶಾಲೆಯ ಬೆಳಗಿನ ಪ್ರಾರ್ಥನೆ ತಾನಾಗಿ ಶುರುವಾಯಿತು. ಕೊರಳಲ್ಲಿ ಲಿಂಗ, ಬಾಯಲ್ಲಿ ಸಿಸ್ಟರುಗಳ ಪ್ರಾರ್ಥನೆ. ಯಾರು ಕೇಳಿಸಿಕೊಂಡರೂ ಸರಿ ಅನಿಸಿತ್ತು.

“ಈಗ ಬೆಕ್ಕ ಗುರ್ ಅಂದಂಗ ಆಗಾಕತ್ತೈತಿ,” ಎಂದೆ.

“ಅದು ಸರಿ. ಹಂಗs ಇರಬೇಕು.”

“ಈಗ... ಈಗ ಒಂದ ಕಡೆ ಚುಚ್ಚಿದಂಗ.”

ಕೂಡಲೇ ಎಳೆದರು. ಡ್ರಿಲ್ಲಿನ ತುದಿಗೆ ಹೊಟ್ಟು ಗಂಟಾಗಿ ಹತ್ತಿತ್ತು. ಬಿಡಿಸಿ ಮತ್ತೆ ನೂಕಿದರು. ನನ್ನ ಮುಖವನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡಿದರು. ಆ ಮಧ್ಯಾಹ್ನ ಊಟದ ನೆನಪು ಇಬ್ಬರಿಗೂ ಆಗಲಿಲ್ಲ. ಡ್ರಿಲ್ ಆ ತುದಿಯಲ್ಲಿ ಸರಿಯಾಗಿ ನಡುವೆ ಹೊರಗೆ ಬಂದಾಗ ಅವರು ಆ ತೂತಿನಿಂದ ಹಿತ್ತಲ ಪೇರಲ ಗಿಡವನ್ನು ನೋಡಿ, ನನಗೂ ನೋಡಲು ಕೊಟ್ಟರು. ದುಂಡಗಿನ ಬೆಳಕಿನಲ್ಲಿ ಎರಡು ಎಲೆ, ಒಂದು ಇರುವೆ.

ಹೊಟ್ಟನ್ನು ನಾನು ಹಳೆಯ ಪೇಪರಿನಲ್ಲಿ ಕಟ್ಟಿ ನೀರೊಲೆಯ ಹತ್ತಿರ ಇಟ್ಟೆ. ಇವರು ಮೇಪಲ್ ಕೋಲಿನ ಮೈಗೆ ಸುತ್ತ ಸಣ್ಣ ಕಾಲುವೆ ಕೊರೆದರು, ಗಾಳಿಯೂ ಹೆಚ್ಚಿನ ಅಂಟೂ ಹೊರಗೆ ಬರಲೆಂದು. ಅಂಟು ಕಲೆಸಿ, ಸವರಿ, ತಿರುವುತ್ತ ತಿರುವುತ್ತ ಒಳಗೆ ಇಳಿಸಿದರು. ತಿರುಳು ಕೊನೆಯವರೆಗೆ ಹೋದಾಗ ತುದಿಯಲ್ಲಿ ಜೇನಿನಂತೆ ಅಂಟು ಉಕ್ಕಿತು. ಅದನ್ನು ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದೆವು. ಆ ವಾರ ಇವರು ಗೋಡೆಯ ಕಡೆ ತಿರುಗಿ ಮಲಗಲಿಲ್ಲ. ಒಂದು ದಿನ ಟಿವಿಯ ಮೇಲಿನ ಸೀತಾಫಲದ ಧೂಳನ್ನು ತಾವೇ ಒರೆಸಿದರು. ನಾನು ಅಡುಗೆಮನೆಯಿಂದ ನೋಡಿ, ನೋಡದವಳಂತೆ ಒಗ್ಗರಣೆ ಹಾಕಿದೆ.

ಅಂಟು ಒಣಗಿದ ಮೇಲೆ ಅದನ್ನು ದಾರದಲ್ಲಿ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿದರು. ತಿರುಳು ಹಿಡಿದಿದ್ದರೆ ಒಂದೇ ಸ್ವರ ಬರಬೇಕು. ನನಗೆ ಕೇಳಿಸಿದ್ದು ಟೊಣ್ ಎನ್ನುವ ಸದ್ದು, ಅದರ ಹಿಂದೆ, ಬಾಟಲಿಯಲ್ಲಿ ಸಿಕ್ಕ ನೊಣದಂತೆ, ಸಣ್ಣ ಝರ್ ಎನ್ನುವುದು.

ಅವರು ಮತ್ತೆ ತಟ್ಟಿದರು. ಝರ್. ಲೇಥಿಗೆ ಕಟ್ಟಿ, ತಿರುಳಿನ ತುದಿಯನ್ನು ಬಲಗೈಯಿಂದ ಹಿಡಿದು ತಿರುಚಿದರು. ಕಿರ್ ಎಂದು ಒಳಗಿನದು ತಿರುಗಿತು. ಹೊರಗಿನದು ನಿಂತೇ ಇತ್ತು.

ಅವರು ಬೈಯಲಿಲ್ಲ, ಏನನ್ನೂ ಎಸೆಯಲಿಲ್ಲ. ಎಸೆದಿದ್ದರೆ ಚೆನ್ನಾಗಿತ್ತು. ಯಂತ್ರದ ಮೇಲೆ ಹೊದಿಕೆ ಎಳೆದರು, ನಾಲ್ಕೂ ಮೂಲೆ ಸರಿ ಮಾಡಿದರು, ಫೋನ್ ತೆಗೆದರು. “ಕಾಕಾ, ಗಾಡಿ ತಗೊಂಡ ಬರ್ರಿ. ಹೂಂ. ಸೋಮಾರ ಬಂದ್ರೂ ನಡೀತೈತಿ.” ಒಳಗೆ ಹೋಗಿ ಮಲಗಿದರು. ಮುಖ ಗೋಡೆಗೆ.

ನಾನು ಶೆಡ್ಡಿನ ಹೊಸ್ತಿಲಲ್ಲಿ ಕುಳಿತುಬಿಟ್ಟೆ. ಅವ್ವನ ಮನೆಯ ಒನಕೆ ಹೋಯಿತು, ಇವರೂ ಹೋದರು. ಎರಡನ್ನೂ ನನ್ನ ಕೈಯಿಂದಲೇ ಹಿಡಿದು ತಂದು ಹಾಳು ಮಾಡಿದಂತಿತ್ತು. ಮಳೆ ಬಂತು, ನಿಂತಿತು. ತಗಡಿನ ಅಂಚಿನಲ್ಲಿ ಹನಿಗಳು ಸಾಲಾಗಿ ನಿಂತು ಒಂದೊಂದೇ ಬೀಳುವುದನ್ನು ನೋಡುತ್ತಿದ್ದೆ. ಎದ್ದು ಯಾವ ಕೆಲಸಕ್ಕೆ ಹೋಗಬೇಕೆಂಬುದೇ ಹೊಳೆಯಲಿಲ್ಲ. ಕೊನೆಗೆ ಹೊಳೆದದ್ದು, ಮೈತೊಳೆಯಲು ನೀರು ಕಾಯಿಸಬೇಕು ಎಂಬುದು ಮಾತ್ರ.

ನೀರೊಲೆಯ ಹತ್ತಿರ ಹೊಟ್ಟಿನ ಪೊಟ್ಟಣ ಇಟ್ಟಲ್ಲೇ ಇತ್ತು. ಎತ್ತಿಕೊಂಡೆ. ಪೇಪರು ತಳದಲ್ಲಿ ಗಾಜಿನಂತೆ ಆಗಿತ್ತು. ಆಚೆಯ ನನ್ನ ಬೆರಳು ಕಾಣುತ್ತಿತ್ತು. ಭಜಿ ಕಟ್ಟಿಸಿಕೊಂಡು ಬಂದ ಪೇಪರು ಹೀಗೆಯೇ ಆಗುತ್ತದೆ. ಬಿಚ್ಚಿ ಮೂಸಿದೆ. ಕಟ್ಟಿಗೆಯ ಹುಳಿ ವಾಸನೆಯ ಕೆಳಗೆ, ಹಳೆಯದಾಗಿ ಕಮಟು ಹಿಡಿದ ಕುಸುಬೆ ಎಣ್ಣೆ. ಮದುವೆ ಮನೆಯ ವಾಸನೆ.

ಪೇಪರು ಹಿಡಿದು ಒಳಗೆ ಓಡಿದೆ. “ಏಳ್ರಿ. ಇದನ್ನ ನೋಡ್ರಿ.”

“ಬಿಡ ನನ್ನ.”

“ಹುಣಸ್ಯಾಗ ಎಣ್ಣಿ ಇಲ್ಲ ಅಂದ್ರಲ್ಲರಿ. ಇದೇನಿದು?”

ಬೆಳಕಿಗೆ ಹಿಡಿದು ನೋಡಿದರು. ಹೆಬ್ಬೆರಳಿನಿಂದ ಉಜ್ಜಿ ನೋಡಿದರು. “ಇದರಾಗ ಎಣ್ಣಿ ಎಲ್ಲಿಂದ ಬಂತು?”

ಹೇಳಿದೆ. ಓಣಿಯ ಎಲ್ಲ ಮದುವೆಗಳನ್ನು, ಐವರು ಐವರಾಗಿ ಬಂದ ಮುತ್ತೈದೆಯರನ್ನು, ಅವ್ವನ ಅಂಗೈಯನ್ನು, ಬಿರುಕು ಕುಡಿದ ಹನಿಗಳನ್ನು. ಕಟ್ಟಿಗೆಯ ಜಾತಿ ಅವರಿಗೆ ಗೊತ್ತಿತ್ತು, ಅದು ಎಲ್ಲೆಲ್ಲಿ ಹೋಗಿ ಬಂದಿದೆ ಎಂಬುದು ಗೊತ್ತಿರಲಿಲ್ಲ. ನನಗೆ ಮದುವೆಗಳೆಲ್ಲ ಗೊತ್ತಿದ್ದವು, ಅಂಟಿಗೆ ಎಣ್ಣೆ ಆಗುವುದಿಲ್ಲ ಎಂಬುದು ಗೊತ್ತಿರಲಿಲ್ಲ.

“ನಿಮ್ಮೂರಾಗ ಒನಕಿಗೆ ಎಣ್ಣಿ ಹಚ್ತಾರೋ, ಒಗ್ಗರಣಿ ಹಾಕ್ತಾರೋ?” ಎಂದರು. ಸಿಟ್ಟಿತ್ತು. ಆದರೆ ಎದ್ದು ಕುಳಿತಿದ್ದರು. “ಅಂದ್ರ ಕೊರದದ್ದು ತಪ್ಪಾಗಿಲ್ಲ.”

“ತಪ್ಪಾಗಿಲ್ಲ.”

“ಕೈದ್ದೂ ತಪ್ಪಲ್ಲ.”

“ಯಾರ ಕೈದ್ದೂ ಅಲ್ಲ.”

ಕಬ್ಬಿಣದ ಬಳೆಯ ಅರ್ಧ ಮೂಲೆಯಲ್ಲಿತ್ತು. ಎಣ್ಣೆ ಹಚ್ಚುವವರು ಮೇಲ್ತುದಿಗೇ ಹಚ್ಚುವುದರಿಂದ ಇದರಲ್ಲಿ ಕಡಿಮೆ ಇರಬಹುದು, ಇಲ್ಲದೆಯೂ ಇರುವುದಿಲ್ಲ ಎಂದರು. ಇದೂ ಹೋದರೆ ಮತ್ತೊಂದು ಇರಲಿಲ್ಲ. ಬಳೆ ಬಿಚ್ಚಿ, ದುಂಡಗೆ ಮಾಡಿ, ಮತ್ತೆ ಕೊರೆಯಲು ಕುಳಿತೆವು. ಈ ಸಲ ಬೆಕ್ಕಿನ ಗುರುಗುರು ಯಾವುದು, ನನ್ನ ನಡುಕ ಯಾವುದು ತಿಳಿಯದೆ ಎರಡು ಸಲ ಸುಳ್ಳೇ ನಿಲ್ಲಿಸಿದೆ. “ಉಸರ ಬಿಡು,” ಎಂದರು, “ನೀ ಸತ್ರ ಎಡಗೈ ಯಾರದ ತರ್ಲಿ?” ತೂತಾದ ಮೇಲೆ ಸಣ್ಣ ಸಲಾಕೆಗೆ ಬಟ್ಟೆ ಸುತ್ತಿ, ಎಣ್ಣೆ ಎಳೆದು ತೆಗೆಯುವ, ಮೂಗಿಗೆ ಚುಚ್ಚುವ ಅಸಿಟೋನ್‌ನಲ್ಲಿ ಅದ್ದಿ ಒಳಗೆ ತಿಕ್ಕಿದೆವು. ಮೊದಲ ಬಟ್ಟೆ ಹಳದಿಯಾಗಿ ಬಂತು. ಎರಡನೆಯದೂ. ನನ್ನ ಹಳೆಯ ಬಿಳಿ ಲಂಗ ಪೂರ ಹರಿದು ಮುಗಿಯುವ ಹೊತ್ತಿಗೆ ಬಟ್ಟೆ ಬಟ್ಟೆಯ ಬಣ್ಣದಲ್ಲೇ ಹೊರಗೆ ಬಂತು. ಇನ್ನೊಂದು ಸಲ, ಅಂದೆ. ಸಾಕು, ಅಂದರು. ಇನ್ನೊಂದು ಸಲ ತಿಕ್ಕಿದೆವು. ಆಮೇಲೆ ಹೊಸ ಮೇಪಲ್ ಕೋಲಿಗೆ ಅಂಟು ಸವರಿ ಒಳಗೆ ಇಳಿಸಿದರು.

ಸೋಮವಾರ ಕಾಕಾ ಬಂದರು. ಬಾಗಿಲಲ್ಲಿ ಟೆಂಪೋ ನಿಂತ ಸದ್ದಿಗೆ ನನ್ನ ಕೈಯಲ್ಲಿದ್ದ ಹಿಟ್ಟಿನ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು. ಅವರಿಗೆ ಬರಬೇಡಿರೆಂದು ಹೇಳಿ ಎಂದು ನಾನು ಎಷ್ಟು ಸಲ ಹೇಳಿದರೂ ಇವರು ಫೋನ್ ಮುಟ್ಟಿರಲಿಲ್ಲ. “ತಟ್ಟಿ ನೋಡೂ ತನಕ ಏನಂತ ಹೇಳೂದು?” ಎನ್ನುತ್ತಿದ್ದರು. ಅಂಟು ಒಣಗಿತ್ತು, ತಟ್ಟುವ ಧೈರ್ಯ ಮಾತ್ರ ಎರಡು ದಿನದಿಂದ ಇಬ್ಬರಿಗೂ ಬಂದಿರಲಿಲ್ಲ. ಕಾಕಾ ನೇರವಾಗಿ ಹಿತ್ತಲಿಗೆ ನಡೆದರು. ಶೆಡ್ಡಿನ ತೊಲೆಯಿಂದ ದಾರದಲ್ಲಿ ತೂಗುತ್ತಿದ್ದದ್ದನ್ನು ನೋಡಿ, “ಇದೇನೋ, ಯಾವ ದೇವರಿಗೆ ಹರಕಿ?” ಎಂದು ನಮ್ಮನ್ನು ಕೇಳದೆಯೇ ಬೆರಳು ಮಡಿಸಿ ತಟ್ಟಿಬಿಟ್ಟರು.

ಟಣ್.

ನಾನು ಹಿಂದಿನ ನೊಣಕ್ಕಾಗಿ ಕಾದೆ. ಸದ್ದು ತೆಳ್ಳಗಾಗುತ್ತ ಹೋಗಿ ಮುಗಿಯಿತು. ನೊಣ ಬರಲಿಲ್ಲ.

“ಹಿಡದೈತಲ್ಲೋ!” ಎಂದರು ಕಾಕಾ.

ಇವರು ಹತ್ತಿರ ಹೋಗಿ ಎಡಗೈಯಿಂದ ಅದನ್ನು ಹಿಡಿದರು, ಬಲಗೈಯಿಂದ ತಟ್ಟಿದರು. ಆ ಎಡಗೈಗೆ ಏನಾದರೂ ತಿಳಿಯಿತೋ ಇಲ್ಲವೋ, ನಾನು ಕೇಳಿಲ್ಲ. “ಇಷ್ಟಕ್ಕ ಹೇಳಾಕ ಬರೂದಿಲ್ಲ ಕಾಕಾ,” ಎಂದರು. “ಮಳಿಗಾಲ ದಾಟಬೇಕು. ತೂಗ ಹಾಕೂದು, ಸಣ್ಣಂದ ಕಟ್ ಹೊಡೀಯೂದು, ಮತ್ತ ತೂಗ ಹಾಕೂದು. ಬಾಗೂದಿದ್ರ ಈಗs ಬಾಗತೈತಿ. ಅಲ್ಲೀ ತನಕ ಲೇಥ್ ಬೇಕಾಗತೈತಿ.”

“ಅಂದ್ರ ನಾ ಖಾಲಿ ಗಾಡಿ ತಗೊಂಡ ಹೋಗಬೇಕು?”

“ಚಾ ಕುಡದ ಹೋಗ್ರಿ.”

“ಸಕ್ರಿ ಜಾಸ್ತಿ ಹಾಕವಾ,” ಎಂದು ಕಾಕಾ ನನ್ನ ಕಡೆ ತಿರುಗಿದರು, “ಗಾಡಿ ತಂದದ್ದರ ಹೊಟ್ಟಿಉರಿ ಆರಲಿ.” ನಾನು ಒಳಗೆ ಹೋಗಿ ಚಹಾಕ್ಕಿಟ್ಟೆ. ಒಲೆಯ ಮುಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡೆ. ಹಾಲು ಉಕ್ಕಿ ಹರಿಯಿತು.

ವಾರದ ಮೇಲೆ ತಮ್ಮನ ಹೆಂಡತಿಯ ಫೋನು. ಬಾಜೂ ಮನೆಯವರು ಮದುವೆಗೆ ಒನಕೆ ಕೇಳುತ್ತಿದ್ದಾರೆ, ಬೇರೆಯದು ಬೇಡವಂತೆ. ಹಿಂದಿನಿಂದ ಅವ್ವನ ದನಿ: “ಕೆಟ್ಟದ್ದ ಅರ್ಧಾ ಐತ್ಯಲ್ಲಾ, ಅದನ್ನs ಕಳಸಂತ ಹೇಳು. ಎಣ್ಣಿ ಹಚ್ಚಾಕ ಅರ್ಧಾ ಆದ್ರೇನಾತು.” ಬಳೆಯನ್ನು ಅದರ ತುದಿಗೆ ಹೊಂದುವಂತೆ ಕೂಡಿಸಿ ಇವರೇ ಬಸ್ಸಿಗೆ ಕೊಟ್ಟು ಬಂದರು. ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗಿದ್ದರು, ಕಾಯಿಲೆಯ ನಂತರ ಮೊದಲ ಸಲ. ಒಳಗೆ ತಿರುಗುವ ತಿರುಳು ಇಟ್ಟುಕೊಂಡೇ ಅದು ಮತ್ತೆ ಮದುವೆಗೆ ಹೋಯಿತು.

ಇನ್ನೊಂದು ಅರ್ಧ ಇಲ್ಲೇ ತೂಗುತ್ತಿದೆ. ಮಳೆ ಇನ್ನೂ ಮುಗಿದಿಲ್ಲ. ಬಟ್ಟೆ ಒಣಹಾಕಲು ಹೋಗುವಾಗ, ಬರುವಾಗ, ನಾನು ಅದನ್ನು ಉಗುರಿನಿಂದ ತಟ್ಟುತ್ತೇನೆ. ಕೆಲವು ದಿನ ಸದ್ದಿನ ಹಿಂದೆ ಏನೋ ಇದೆ ಅನಿಸಿ ಮತ್ತೆ ತಟ್ಟುತ್ತೇನೆ. ನಿನ್ನೆಯೂ ಹಾಗೆ ಅನಿಸಿ ಕೂಗಿದೆ. ಇವರು ಬಂದು ಕಿವಿಗೊಟ್ಟು ಕೇಳಿ, “ಅದು ಫ್ರಿಜ್ಜ,” ಎಂದರು. ಆಮೇಲೆ ತೆಳ್ಳಗೆ ಒಂದು ಕಟ್ ಹೊಡೆಯಲೆಂದು ಅದನ್ನು ದಾರದಿಂದ ಬಿಚ್ಚಿ ಲೇಥಿಗೆ ಕಟ್ಟಿದರು. “ಬಾ, ಕೈ ಇಡು.”

ಹೋಗಿ ಕೈ ಇಟ್ಟೆ.